ಹಿರಿಯಳ ಹೆಸರು, ಹುಡುಗಿಯ ಹೆಗಲು: ಮಿಸ್ ಮಾರ್ವೆಲ್ ಪರಂಪರೆ ಮತ್ತು ಕಮಲಾ ಖಾನ್

(ದತ್ತಿ ಉಪನ್ಯಾಸದ ಲಿಖಿತ ರೂಪ)



ಎಳೆಯರು ಓದುವ ಸಾಹಿತ್ಯವನ್ನು ಕುರಿತು ವರ್ಷಕ್ಕೊಮ್ಮೆಯಾದರೂ ಗಂಭೀರವಾದ ಮಾತು ನಡೆಯಬೇಕು ಎಂಬುದು ಈ ದತ್ತಿಯ ಆಶಯ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಾಮಿಕ್ಸ್ ಲೋಕದ ಒಬ್ಬ ಹುಡುಗಿಯ ವಿಚಾರ ಆರಿಸಿಕೊಂಡಿದ್ದೇನೆ. ಅವಳ ಹೆಸರು ಕಮಲಾ ಖಾನ್. ವಯಸ್ಸು 16. ಊರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿ. ತಂದೆ ಯೂಸುಫ್, ತಾಯಿ ಮುನೀಬಾ ಪಾಕಿಸ್ತಾನದಿಂದ ಹೋಗಿ ಅಲ್ಲಿ ನೆಲೆಸಿದವರು. 2014ರ ಫೆಬ್ರವರಿಯಲ್ಲಿ ಮಾರ್ವೆಲ್ ಕಾಮಿಕ್ಸ್ ಸಂಸ್ಥೆ ‘ಮಿಸ್ ಮಾರ್ವೆಲ್’ ಎಂಬ ಹಳೆಯ, ಭಾರವಾದ ಹೆಸರನ್ನು ಈ ಹುಡುಗಿಯ ಹೆಗಲಿಗೇರಿಸಿ ಹೊಸ ಮಾಲಿಕೆ ಶುರು ಮಾಡಿತು.

ದೊಡ್ಡವರು ನಿಂತು ಹೆಸರಾದ ಜಾಗದಲ್ಲಿ ಅನುಭವವೇ ಇಲ್ಲದ ಒಬ್ಬಳು ಬಂದು ನಿಂತರೆ ಏನಾಗುತ್ತದೆ ಎಂಬುದು ಇಂದಿನ ನನ್ನ ಪ್ರಶ್ನೆ. ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಉತ್ತರಾಧಿಕಾರ ಹೆಸರು ಸಿಕ್ಕ ದಿನಕ್ಕೆ ಮುಗಿಯುವಂಥದ್ದಲ್ಲ. ಹಿರಿಯಳಂತೆ ಕಾಣುವ ಆಸೆಯನ್ನು ಕಿರಿಯಳು ಬಿಟ್ಟಾಗ ಅದು ಶುರುವಾಗುತ್ತದೆ. ಹಿರಿಯಳೇ ದಾರಿ ತಪ್ಪಿದ ಹೊತ್ತಿನಲ್ಲಿ ಅವಳೆದುರು ನಿಂತು ‘ಇದು ಸರಿಯಲ್ಲ’ ಎನ್ನುವ ಧೈರ್ಯ ಬಂದಾಗ ಪೂರ್ತಿಯಾಗುತ್ತದೆ. ಕಮಲಾಳ ಕಥೆ ಈ ಎರಡನ್ನೂ ಹಂತ ಹಂತವಾಗಿ ತೋರಿಸಿಕೊಟ್ಟಿದೆ.

ಮುಪ್ಪಿಲ್ಲದ ವೀರರು, ಕೈ ಬದಲಾಗುವ ಹೆಸರುಗಳು

ಪಾತ್ರವೊಂದು ತಲೆಮಾರಿನಿಂದ ತಲೆಮಾರಿಗೆ ದಾಟುವ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಅನ್ನು ಓದಿ ಬೆಳೆದವರು ಈ ಸಭೆಯಲ್ಲೂ ಇದ್ದೀರಿ. ನಾವು ಬಲ್ಲ ಫ್ಯಾಂಟಮ್ 21ನೆಯವನು. ಅಪ್ಪ ಸತ್ತರೆ ಮಗ ಅದೇ ದಿರಿಸು ತೊಟ್ಟು, ಅದೇ ತಲೆಬುರುಡೆಯ ಗುಹೆಯಲ್ಲಿ ಕೂರುತ್ತಾನೆ. ಆಳು ಬದಲಾದದ್ದು ಹೊರಗಿನವರಿಗೆ ತಿಳಿಯಬಾರದು, ಆತ ಸಾವಿಲ್ಲದವನು ಎಂದೇ ಜನ ನಂಬಬೇಕು. ಆ ಪರಂಪರೆಯಲ್ಲೂ ಜೂಲಿ ಎಂಬ ಹೆಣ್ಣುಮಗಳು ತನ್ನ ಸೋದರನ ಬದಲಿಗೆ ಮುಖವಾಡ ತೊಟ್ಟ ಒಂದು ಕಥೆಯಿದೆ. ಅದು ಆಪತ್ಕಾಲದ ಏರ್ಪಾಡು. ಸೋದರ ಚೇತರಿಸಿಕೊಂಡ ಮೇಲೆ ದಿರಿಸು ಮರಳಿ ಅವನ ಮೈಗೇ ಹೋಗುತ್ತದೆ.

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸಿನ ತೊಡಕು ಬೇರೆ ಥರದ್ದು. ಅಲ್ಲಿ ವೀರರಿಗೆ ವಯಸ್ಸೇ ಆಗುವುದಿಲ್ಲ. ತಿಂಗಳಿಗೊಂದು ಸಂಚಿಕೆ ಮಾರಾಟವಾಗಬೇಕು, ಅದರ ನಾಯಕ ಹಿಂದಿನ ತಿಂಗಳು ಇದ್ದಂತೆಯೇ ಈ ತಿಂಗಳೂ ಇರಬೇಕು. ಓದುಗರು ಮುದುಕರಾಗುತ್ತಾರೆ, ಬ್ಯಾಟ್‌ಮನ್ ಆಗುವುದಿಲ್ಲ. ಹೀಗಾಗಿ ಹೊಸ ತಲೆಮಾರಿನ ಹುಡುಗ ಹುಡುಗಿಯರಿಗೆ ಜಾಗ ಸಿಗಬೇಕಾದರೆ ಇರುವ ದಾರಿ ಒಂದೇ: ಹಳೆಯ ಹೆಸರೊಂದು ತೆರವಾಗಬೇಕು, ಅದನ್ನು ಹೊಸಬರು ಹೊರಬೇಕು. ಹಳೆಯ ಓದುಗರು ಮಾತ್ರ ಹೊಸಬರನ್ನು ಅನುಮಾನದಿಂದಲೇ ನೋಡುತ್ತಾರೆ. ‘ಇವಳು ಅವಳಲ್ಲ’ ಎಂಬ ದೂರು ಪುಸ್ತಕ ಅಂಗಡಿಗೆ ಬರುವ ಮೊದಲೇ ಹುಟ್ಟಿಕೊಂಡಿರುತ್ತದೆ.

ಹೆಸರಿನ ಹಿಂದಿನ ಒಡತಿ

ಕಮಲಾ ಹೊತ್ತ ಹೆಸರು ಕ್ಯಾರಲ್ ಡ್ಯಾನ್ವರ್ಸ್‌ಳದು. ಈಕೆ 1968ರಲ್ಲಿ ರಾಯ್ ಥಾಮಸ್ ಮತ್ತು ಜೀನ್ ಕೋಲನ್ ಅವರ ಕೈಯಲ್ಲಿ ಒಬ್ಬ ಭದ್ರತಾ ಅಧಿಕಾರಿಯಾಗಿ ಹುಟ್ಟಿದಳು. ಕಥಾನಾಯಕ ಕ್ಯಾಪ್ಟನ್ ಮಾರ್ವೆಲ್ ಎಂಬ ಪುರುಷ, ಈಕೆ ಅವನ ಕಥೆಯಲ್ಲೊಂದು ಪೋಷಕ ಪಾತ್ರ. 1977ರ ಜನವರಿಯ ಸಂಚಿಕೆಯಿಂದ ಆಕೆ ಮಿಸ್ ಮಾರ್ವೆಲ್ ಆದಳು. ಆ ಹೊತ್ತಿಗೆ ಅವಳ ಕಸುಬು ‘ವುಮನ್’ ಎಂಬ ಪತ್ರಿಕೆಯ ಸಂಪಾದಕತ್ವ. ಮಾಲೀಕನಿಗೆ ಅಡುಗೆ, ಡಯಟ್ಟಿನ ಲೇಖನಗಳು ಬೇಕು. ಅವಳಿಗೆ ದುಡಿಯುವ ಹೆಣ್ಣಿನ ಪ್ರಶ್ನೆಗಳು ಬೇಕು. ಅಮೆರಿಕದ ಮಹಿಳಾ ಚಳವಳಿಯ ಕಾಲದ ಗಾಳಿ ಆ ಪುಟಗಳಲ್ಲಿ ಬೀಸುತ್ತದೆ. ಆದರೂ ಅವಳ ದಿರಿಸು ಕ್ಯಾಪ್ಟನ್ ಮಾರ್ವೆಲ್‌ನ ದಿರಿಸಿನ ನಕಲು, ಶಕ್ತಿ ಅವನಿಂದ ಬಂದದ್ದು, ಹೆಸರಿನ ಅರ್ಧ ಅವನದು. ಅಂದರೆ ಕ್ಯಾರಲ್ ಕೂಡ ಒಬ್ಬ ವಾರಸುದಾರಳೇ. 1978ರಲ್ಲಿ ಚಿತ್ರಕಾರ ಡೇವ್ ಕಾಕ್ರಮ್ ಅವಳಿಗೆ ಎದೆಯ ಮೇಲೆ ಮಿಂಚಿನ ಗುರುತಿರುವ ಕಪ್ಪು ದಿರಿಸು ಬರೆದುಕೊಟ್ಟರು. ಅವಳಿಗೆ ತನ್ನದೇ ಆದ ರೂಪ ಬಂದದ್ದು ಆಗ.

ಈ ಹೆಸರಿನ ಚರಿತ್ರೆಯಲ್ಲಿ ಒಂದು ಗಾಯವೂ ಇದೆ. 1980ರ ‘ಅವೆಂಜರ್ಸ್’ 200ನೇ ಸಂಚಿಕೆಯಲ್ಲಿ ಒಬ್ಬ ಪುರುಷ ಯಂತ್ರದ ಬಲದಿಂದ ಅವಳ ಮನಸ್ಸನ್ನು ವಶಮಾಡಿಕೊಂಡು, ಅವಳನ್ನು ಗರ್ಭಿಣಿಯಾಗಿಸಿ, ಕೊನೆಗೆ ತನ್ನ ಲೋಕಕ್ಕೆ ಕರೆದೊಯ್ಯುತ್ತಾನೆ. ಜೊತೆಯ ವೀರರು ಅದನ್ನು ಪ್ರೇಮವೆಂದೇ ತಿಳಿದು ಹರಸಿ ಕಳುಹಿಸುತ್ತಾರೆ. ಅವಳ ಕಥೆಗಳನ್ನು ಹೆಚ್ಚು ಬರೆದಿದ್ದ ಕ್ರಿಸ್ ಕ್ಲೇರ್‌ಮಾಂಟ್ ಮರುವರ್ಷವೇ ಇನ್ನೊಂದು ಕಥೆ ಬರೆದು ಇದಕ್ಕೆ ಉತ್ತರ ಕೊಟ್ಟರು. ಆ ಕಥೆಯಲ್ಲಿ ಕ್ಯಾರಲ್ ಹಿಂದಿರುಗಿ ಬಂದು, ತನ್ನ ಮೇಲೆ ನಡೆದದ್ದು ಏನೆಂದು ನೀವು ಯಾರೂ ಯೋಚಿಸಲಿಲ್ಲವೇಕೆ ಎಂದು ಅದೇ ವೀರರನ್ನು ನೇರವಾಗಿ ಕೇಳುತ್ತಾಳೆ. ಈ ಘಟನೆಯನ್ನು ನೆನಪಿನಲ್ಲಿಡಿ ಎಂದು ಕೋರುತ್ತೇನೆ. ಮಿಸ್ ಮಾರ್ವೆಲ್ ಎಂಬ ಹೆಸರಿಗೆ ಘನತೆ ಬಂದದ್ದು ಅದನ್ನು ಹೊತ್ತವಳು ತನ್ನವರನ್ನೇ ಪ್ರಶ್ನಿಸಿದಾಗ.

2012ರಲ್ಲಿ ಕೆಲ್ಲಿ ಸೂ ಡಿಕಾನಿಕ್ ಬರೆದ ಮಾಲಿಕೆಯಲ್ಲಿ ಕ್ಯಾರಲ್ ಹಿಂಜರಿಯುತ್ತಲೇ ಕ್ಯಾಪ್ಟನ್ ಮಾರ್ವೆಲ್ ಎಂಬ ಹೆಸರನ್ನು ತೆಗೆದುಕೊಂಡಳು. ಆ ಹೆಸರಿನ ಮೂಲ ವೀರ 1982ರ ಕಥೆಯೊಂದರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ. ಕ್ಯಾರಲ್ ಮೇಲಿನ ಮೆಟ್ಟಿಲಿಗೆ ಹೋದಳು, ಅವಳು ನಿಂತಿದ್ದ ಮೆಟ್ಟಿಲು ಖಾಲಿಯಾಯಿತು.

ಮೊದಲ ರಾತ್ರಿಯ ವೇಷ

ಕಮಲಾಳ ಪಾತ್ರ ಹುಟ್ಟಿದ್ದು ಇಬ್ಬರು ಸಂಪಾದಕರ ಹರಟೆಯಲ್ಲಿ. ನ್ಯೂಜೆರ್ಸಿಯಲ್ಲಿ ಬೆಳೆದ ಪಾಕಿಸ್ತಾನಿ ಮೂಲದ ಸನಾ ಅಮಾನತ್ ತಮ್ಮ ಬಾಲ್ಯದ ಪ್ರಸಂಗಗಳನ್ನು ಸಹೋದ್ಯೋಗಿ ಸ್ಟೀಫನ್ ವ್ಯಾಕರ್‌ಗೆ ಹೇಳುತ್ತಿದ್ದರು. ಆ ಮಾತಿನಿಂದಲೇ ಪಾತ್ರದ ಬೀಜ ಮೊಳೆಯಿತು. ಬರೆಯಲು ಬಂದವರು ಜಿ. ವಿಲ್ಲೋ ವಿಲ್ಸನ್. ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಕೈರೋದಲ್ಲಿ ಬದುಕಿ ಬಂದಿದ್ದ ಅಮೆರಿಕನ್ ಲೇಖಕಿ. ಚಿತ್ರ ಏಡ್ರಿಯನ್ ಆಲ್ಫೋನಾ ಅವರದು, ದಿರಿಸಿನ ವಿನ್ಯಾಸ ಜೇಮಿ ಮೆಕೆಲ್ವಿಯವರದು.

ಮೊದಲ ಸಂಚಿಕೆಯ ಮುಖಪುಟ ನೋಡಿ. ಹುಡುಗಿಯ ತುಟಿಯಿಂದ ಮೇಲಿನ ಮುಖವೇ ಚಿತ್ರದೊಳಗೆ ಬಂದಿಲ್ಲ. ಕಾಣುವುದು ಮಿಂಚಿನ ಗುರುತಿನ ಕಪ್ಪು ಟೀ ಶರ್ಟು, ಕೊರಳಿನ ಸ್ಕಾರ್ಫು, ಬಿಗಿಹಿಡಿದ ಮುಷ್ಟಿ, ಕಂಕುಳಲ್ಲಿ ಪುಸ್ತಕಗಳು. ಗುರುತು ಹಳೆಯದು, ಮುಖ ಯಾರದೆಂದು ಇನ್ನೂ ತಿಳಿಯದು.

ಒಳಗಿನ ಕಥೆ ಒಂದು ಸಣ್ಣ ಅಂಗಡಿಯಲ್ಲಿ ತೆರೆದುಕೊಳ್ಳುತ್ತದೆ. ಹಂದಿಮಾಂಸ ತಿನ್ನಬಾರದ ಮನೆಯ ಹುಡುಗಿ ಬೇಕನ್ ಸ್ಯಾಂಡ್‌ವಿಚ್‌ನ ವಾಸನೆಯನ್ನಷ್ಟೇ ಆಸೆಯಿಂದ ಹೀರುತ್ತಿದ್ದಾಳೆ. ಪಕ್ಕದಲ್ಲಿ ತಲೆಗೆ ವಸ್ತ್ರ ಕಟ್ಟಿದ ಗೆಳತಿ ನಾಕಿಯಾ, ಗಲ್ಲೆಯಲ್ಲಿ ಗೆಳೆಯ ಬ್ರೂನೋ. ಅವೆಂಜರ್ಸ್ ವೀರರನ್ನು ಇಟ್ಟುಕೊಂಡು ಕಥೆ ಕಟ್ಟಿ ಬರೆಯುವುದು ಕಮಲಾಳ ಹವ್ಯಾಸ. ಕ್ಯಾಪ್ಟನ್ ಮಾರ್ವೆಲ್ ಎಂದರೆ ಅವಳಿಗೆ ಪ್ರಾಣ. ಆ ರಾತ್ರಿ ಅಪ್ಪ ಬೇಡವೆಂದರೂ ಕಿಟಕಿಯಿಂದ ಇಳಿದು ಪಾರ್ಟಿಗೆ ಹೋಗುತ್ತಾಳೆ. ಅಲ್ಲಿ ಹಣ್ಣಿನ ರಸದಲ್ಲಿ ಮದ್ಯ ಬೆರೆಸಿ ಕೊಟ್ಟು ಅವಮಾನಿಸುತ್ತಾರೆ. ಮನಸ್ಸು ಮುರಿದು ಹಿಂದಿರುಗುವಾಗ ಊರನ್ನು ವಿಚಿತ್ರ ಮಂಜು ಮುಸುಕುತ್ತದೆ. ಆ ಮಂಜಿನೊಳಗೆ ಕ್ಯಾಪ್ಟನ್ ಮಾರ್ವೆಲ್ ದೇವತೆಯ ಹಾಗೆ ಕಾಣಿಸಿಕೊಳ್ಳುತ್ತಾಳೆ. ಅವಳ ಬಾಯಿಂದ ಬರುವುದು ಅಮೀರ್ ಖುಸ್ರೋನ ‘ಸಕಲ್ ಬನ್’ ಹಾಡು. ಅಮೆರಿಕದ ವಾಯುಪಡೆಯ ಚಿನ್ನದ ಕೂದಲಿನ ಮಹಿಳೆ, ದೆಹಲಿಯ ಸೂಫಿ ಕವಿ, ಜೆರ್ಸಿ ಸಿಟಿಯ ಹುಡುಗಿ, ಮೂವರೂ ಒಂದೇ ಚಿತ್ರದಲ್ಲಿ ಸೇರುತ್ತಾರೆ. ಈ ಹುಡುಗಿಯ ಮನಸ್ಸಿನಲ್ಲಿ ಮನೆಯ ಹಾಡೂ ಹೊರಗಿನ ಆರಾಧ್ಯಳೂ ಬೇರೆ ಬೇರೆ ಕೋಣೆಗಳಲ್ಲಿಲ್ಲ ಎಂಬುದನ್ನು ವಿವರಣೆಯ ಒಂದು ಮಾತೂ ಇಲ್ಲದೆ ಆ ಪುಟ ಹೇಳಿಬಿಡುತ್ತದೆ.

ನೀನು ಏನಾಗಬೇಕು ಎಂಬ ಪ್ರಶ್ನೆಗೆ ಕಮಲಾ ಕೊಡುವ ಉತ್ತರದ ಸಾರ ಇಷ್ಟು: ನಿನ್ನಂತೆ ಚೆಲುವೆಯಾಗಬೇಕು, ಬಲಶಾಲಿಯಾಗಬೇಕು, ಬದುಕು ಇಷ್ಟು ಸಿಕ್ಕುಸಿಕ್ಕಾಗಿರಬಾರದು. ವರ ಹಾಗೆಯೇ ಫಲಿಸುತ್ತದೆ. ಮಂಜಿನ ಗೂಡನ್ನು ಒಡೆದು ಹೊರಬರುವಾಗ ಅವಳು ಸಾಕ್ಷಾತ್ ಕ್ಯಾರಲ್ ಡ್ಯಾನ್ವರ್ಸ್: ಬಿಳಿ ಮೈ, ಹೊಂಬಣ್ಣದ ಕೂದಲು, ಕಾಕ್ರಮ್ ಬರೆದ ಅದೇ ಕಪ್ಪು ದಿರಿಸು. ಎರಡನೇ ಸಂಚಿಕೆಯಲ್ಲಿ ಆ ವೇಷದ ಪಾಡು ಬರುತ್ತದೆ. ಕೂದಲು ಕಣ್ಣಿಗೆ ಬೀಳುತ್ತದೆ, ಬೂಟು ಕಚ್ಚುತ್ತದೆ, ದಿರಿಸು ಮೈಯನ್ನು ಹಿಂಸಿಸುತ್ತದೆ. ಬಯಸಿದ ರೂಪ ಸಿಕ್ಕಿದೆ, ಅದರೊಳಗೆ ಅವಳಿಗೆ ಜಾಗವಿಲ್ಲ. ಅಷ್ಟರಲ್ಲಿ ತನ್ನನ್ನು ಸದಾ ಚುಚ್ಚುತ್ತಿದ್ದ ಸಹಪಾಠಿ ಜೋಯಿ ನದಿಗೆ ಬೀಳುತ್ತಾಳೆ. ಒಂದು ಜೀವ ಉಳಿಸುವುದರ ಹಿರಿಮೆ ಸಾರುವ, ಅಪ್ಪನ ಬಾಯಲ್ಲಿ ಕೇಳಿದ್ದ ಕುರಾನಿನ ಮಾತು ಕಮಲಾಳಿಗೆ ನೆನಪಾಗುತ್ತದೆ. ಅವಳ ಕೈ ಬೃಹತ್ತಾಗಿ ಬೆಳೆದು, ಮುಳುಗುತ್ತಿದ್ದವಳನ್ನು ನೀರಿನಿಂದ ಎತ್ತುತ್ತದೆ. ಮೈಮೇಲಿದ್ದದ್ದು ಕ್ಯಾರಲ್‌ಳ ವೇಷ, ಕೆಲಸ ಮಾಡಿಸಿದ್ದು ಮನೆಯ ಮಾತು.

ತನ್ನ ರೂಪಕ್ಕೆ ಮರಳಿದಾಗ ಮಾಯುವ ಗಾಯ

ಮುಂದಿನ ಸಂಚಿಕೆಗಳಲ್ಲಿ ಒಂದು ದೃಶ್ಯ ನನಗೆ ಈ ಕೃತಿಯ ಹೃದಯ ಎನಿಸುತ್ತದೆ. ಅಂಗಡಿಯಲ್ಲಿ ದರೋಡೆ ತಡೆಯಲು ಕಮಲಾ ಕ್ಯಾರಲ್ ವೇಷದಲ್ಲೇ ನುಗ್ಗುತ್ತಾಳೆ. ತರಬೇತಿಯಿಲ್ಲದ ಹುಡುಗಿ, ಕೋವಿ ಹಿಡಿದವನೂ ಅನನುಭವಿ. ಗುಂಡು ಹಾರಿ ಅವಳಿಗೆ ತಗಲುತ್ತದೆ. ನೆಲಕ್ಕೆ ಬಿದ್ದವಳು ತನ್ನ ಸಹಜ ರೂಪಕ್ಕೆ ಮರಳುತ್ತಾಳೆ, ಆ ಗಳಿಗೆಯಲ್ಲೇ ಗಾಯ ಮಾಯುತ್ತದೆ. ಬೇರೆಯವರ ರೂಪ ತಳೆಯುವ ಶಕ್ತಿ ಅವಳಿಗಿದೆ, ವಾಸಿಯಾಗಬೇಕಾದರೆ ಮಾತ್ರ ಅವಳು ಕಮಲಾ ಆಗಬೇಕು. ಲೇಖಕಿ ಇದನ್ನು ಉಪದೇಶವಾಗಿ ಹೇಳದೆ ಶಕ್ತಿಯ ನಿಯಮವನ್ನಾಗಿಯೇ ಇಟ್ಟಿದ್ದಾರೆ.

ಅಲ್ಲಿಂದ ಮುಂದೆ ಅವಳು ಕ್ಯಾರಲ್ ವೇಷವನ್ನು ಬಿಡುತ್ತಾಳೆ. ತನ್ನ ಬುರ್ಕಿನಿಯನ್ನೇ, ಅಂದರೆ ಮೈಮುಚ್ಚುವ ಈಜುಡುಗೆಯನ್ನೇ, ಕತ್ತರಿಸಿ ಹೊಲಿದು ದಿರಿಸು ಮಾಡಿಕೊಳ್ಳುತ್ತಾಳೆ. ಮಿಂಚಿನ ಗುರುತು ಉಳಿಯುತ್ತದೆ, ಕೊರಳಿಗೊಂದು ಉದ್ದನೆಯ ವಸ್ತ್ರ ಸೇರುತ್ತದೆ. ಯಕ್ಷಗಾನದಲ್ಲಿ ಹೆಸರಾಂತ ವೇಷಧಾರಿಯ ಪಾತ್ರಕ್ಕೆ ಹೊಸ ಕಲಾವಿದ ಬಂದಾಗ ಕಿರೀಟ ಅದೇ, ಪದ್ಯವೂ ಅದೇ. ಅವನ ಹೆಜ್ಜೆ ಅವನ ಮೈಯಿಂದಲೇ ಹುಟ್ಟದಿದ್ದರೆ ಪ್ರೇಕ್ಷಕ ಹಿಂದಿನವನನ್ನೇ ನೆನೆಯುತ್ತಾನೆ. ಕಮಲಾಳಿಗೆ ತನ್ನ ಹೆಜ್ಜೆ ಸಿಕ್ಕಿದ್ದು ಹೀಗೆ.

ಮಸೀದಿಯ ಶೇಖ್ ಅಬ್ದುಲ್ಲಾ ಅವರ ಪ್ರಸಂಗವನ್ನೂ ಹೇಳಲೇಬೇಕು. ಮಗಳು ರಾತ್ರಿ ಹೊರಗೆ ಅಲೆಯುತ್ತಾಳೆಂದು ಕಂಗಾಲಾದ ತಾಯಿ ತಂದೆ ಅವಳನ್ನು ಅವರ ಬಳಿಗೆ ಕಳುಹಿಸುತ್ತಾರೆ. ಬೈಗುಳ ಕಾದಿದೆ ಎಂದು ಹುಡುಗಿ ತಲೆತಗ್ಗಿಸಿ ಕೂತಿದ್ದಾಳೆ. ತಾನು ಜನರಿಗೆ ನೆರವಾಗುತ್ತಿದ್ದೇನೆ, ಅದಕ್ಕಿಂತ ಹೆಚ್ಚು ಹೇಳಲಾರೆ ಎನ್ನುತ್ತಾಳೆ. ಶೇಖ್ ಅವಳನ್ನು ತಡೆಯುವುದಿಲ್ಲ. ಮಾಡುವುದೇ ಆದರೆ ಧೈರ್ಯ, ಪ್ರಾಮಾಣಿಕತೆ, ಕರುಣೆಗಳೊಂದಿಗೆ ಮಾಡು, ನಿನಗೊಬ್ಬ ಗುರು ಬೇಕು, ಹುಡುಕಿಕೋ ಎನ್ನುತ್ತಾರೆ. ಅಲ್ಪಸಂಖ್ಯಾತ ಸಮುದಾಯದ ಧರ್ಮಗುರುವನ್ನು ಅಡ್ಡಗೋಡೆಯಂತೆ ಚಿತ್ರಿಸುವ ಸುಲಭದ ದಾರಿಯನ್ನು ಈ ಪುಸ್ತಕ ತುಳಿಯದೇ ಇದ್ದದ್ದಕ್ಕೆ ನಾನು ಕೃತಜ್ಞ. ಸ್ವಲ್ಪ ದಿನಗಳಲ್ಲೇ ಅವಳಿಗೆ ಅನುಭವಿ ವೀರ ವುಲ್ವರೀನ್ ಜೊತೆಯಾಗುತ್ತಾನೆ. ಆ ಕಾಲದಲ್ಲಿ ಅವನ ಗಾಯ ಮಾಯುವ ಶಕ್ತಿಯೇ ಹೋಗಿದೆ. ಚರಂಡಿಯ ಸುರಂಗದಲ್ಲಿ ಹುಡುಗಿ ಆ ಅನುಭವಿಯನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾಳೆ. ಗುರುವಿಗೆ ಶಿಷ್ಯೆಯ ಹೆಗಲು ಬೇಕಾಗುತ್ತದೆ, ಶಿಷ್ಯೆಗೆ ಗುರುವಿನ ಎಚ್ಚರ.

ಅವಳ ಮೊದಲ ದೊಡ್ಡ ಎದುರಾಳಿ ‘ಇನ್ವೆಂಟರ್’ ಊರಿನ ಹದಿಹರೆಯದವರನ್ನು ತನ್ನ ಯಂತ್ರಗಳಿಗೆ ಬ್ಯಾಟರಿಯಾಗಿ ಬಳಸುತ್ತಾನೆ. ಆ ಮಕ್ಕಳು ತಾವಾಗಿಯೇ ಅಲ್ಲಿಗೆ ಹೋದವರು ಎಂಬುದು ಕಥೆಯ ನಡುಕ ಹುಟ್ಟಿಸುವ ಭಾಗ. ನೀವು ಭೂಮಿಗೆ ಭಾರ, ನಿಮ್ಮಿಂದ ಆಗುವ ಉಪಯೋಗ ಇಷ್ಟೇ ಎಂಬ ಮಾತನ್ನು ಅವರು ನಂಬಿಬಿಟ್ಟಿದ್ದಾರೆ. ಅವರನ್ನು ಮುಷ್ಟಿಯ ಬಲದಿಂದ ಬಿಡಿಸುವುದಾಗದು. ತನ್ನ ವಾರಗೆಯವರೊಂದಿಗೆ ಮಾತಾಡಿ, ನಾವು ಹಾಳಾದ ತಲೆಮಾರಲ್ಲ ಎಂದು ಅವಳು ಮನಗಾಣಿಸಬೇಕು. ಅನುಭವಸ್ಥ ವೀರರಿಗೆ ಆಗದ ಕೆಲಸ ಇದು, ಅದೇ ವಯಸ್ಸಿನವಳಿಗೆ ಮಾತ್ರ ಆಗುವಂಥದ್ದು.

ಕೊಟ್ಟವರು ಕಸಿದುಕೊಳ್ಳಬಲ್ಲರು

ಕಮಲಾಳ ಕಥೆಯ ಎದುರಿಗೆ ಇನ್ನೊಂದು ಉದಾಹರಣೆ ಇಡುತ್ತೇನೆ. 2004ರಲ್ಲಿ ಡಿಸಿ ಕಾಮಿಕ್ಸಿನ ಸ್ಟೆಫನಿ ಬ್ರೌನ್ ಎಂಬ ಹುಡುಗಿ ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್‌ನ ಪಟ್ಟಕ್ಕೆ ಬಂದಳು. ಆ ಪಟ್ಟ ಕೊಟ್ಟವನು ಬ್ಯಾಟ್‌ಮನ್ನೇ. ಕೆಲವೇ ಸಂಚಿಕೆಗಳಲ್ಲಿ, ಆಜ್ಞೆ ಮೀರಿದಳು ಎಂದು ಅವನೇ ಅವಳನ್ನು ತೆಗೆದುಹಾಕಿದ. ತನ್ನ ಯೋಗ್ಯತೆ ತೋರಿಸಲು ಹೊರಟ ಹುಡುಗಿ ನಗರದ ಪಾತಕಿಗಳ ಯುದ್ಧಕ್ಕೆ ಕಾರಣವಾಗಿ, ಚಿತ್ರಹಿಂಸೆಗೆ ಸಿಕ್ಕಿ, ಸತ್ತಳೆಂದು ಕಥೆ ಮುಗಿಯಿತು. ಅದಕ್ಕೆ ಮೊದಲು ಸತ್ತಿದ್ದ ರಾಬಿನ್ ಜೇಸನ್ ಟಾಡ್‌ನ ದಿರಿಸನ್ನು ಬ್ಯಾಟ್‌ಮನ್‌ನ ಗುಹೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೌರವಿಸಲಾಗಿತ್ತು. ಸ್ಟೆಫನಿಗೆ ಅಂಥ ನೆನಪಿನ ಗುರುತು ಏಕಿಲ್ಲ ಎಂದು ಓದುಗಿಯರು ಸಂಘಟಿತರಾಗಿ ಕೇಳಿದರು. 2008ರಲ್ಲಿ ಅವಳು ಬದುಕಿದ್ದಾಳೆಂದು ಕಥೆ ತಿರುಗಿತು. 2009ರಿಂದ 2011ರವರೆಗೆ ಬ್ರಯನ್ ಕ್ಯೂ. ಮಿಲ್ಲರ್ ಬರೆದ ಮಾಲಿಕೆಯಲ್ಲಿ ಅವಳೇ ಬ್ಯಾಟ್‌ಗರ್ಲ್ ಆಗಿ, ಬಿದ್ದು ಎದ್ದು ಕಲಿಯುವ ಲವಲವಿಕೆಯಿಂದ ಓದುಗರ ಪ್ರೀತಿ ಗಳಿಸಿದಳು.

ಸ್ಟೆಫನಿಯ ಮೊದಲ ಪಟ್ಟ ಮುರಿದದ್ದು ಅನುಭವ ಸಾಲದ್ದರಿಂದ ಎಂದು ನನಗೆ ಅನಿಸುವುದಿಲ್ಲ. ಅಲ್ಲಿ ಹಿರಿಯ ಬಯಸಿದ್ದು ವಿಧೇಯತೆಯನ್ನು. ವಿಧೇಯತೆಯ ಷರತ್ತಿನ ಮೇಲೆ ಕೊಟ್ಟ ಹೆಸರು ಮೊದಲ ಅವಿಧೇಯತೆಗೆ ವಾಪಸು ಹೋಗುತ್ತದೆ. ಕಮಲಾಳಿಗೆ ಹೆಸರನ್ನು ಯಾರೂ ಕೊಡಲಿಲ್ಲ. ಹಿರಿಯಳ ಮೇಲಿನ ಪ್ರೀತಿಯಿಂದ ಅವಳೇ ಎತ್ತಿಕೊಂಡಳು, ಕೆಲಸದಿಂದ ಉಳಿಸಿಕೊಂಡಳು. ಕ್ಯಾರಲ್ ಸ್ವತಃ ಜೆರ್ಸಿ ಸಿಟಿಗೆ ಬಂದು ಅವಳನ್ನು ಎದುರುಗೊಳ್ಳುವುದು 2015ರಲ್ಲಿ, ಲೋಕವೇ ಕೊನೆಯಾಗುವ ಹೊತ್ತಿನ ಕಥೆಯಲ್ಲಿ. ಅಷ್ಟರಲ್ಲಿ ಹುಡುಗಿ ಒಂದು ವರ್ಷದ ಕೆಲಸ ಮಾಡಿ ಮುಗಿಸಿದ್ದಾಳೆ. ಅದೇ ಕಥೆಯಲ್ಲಿ ಅವಳು ಅಮ್ಮನಿಗೆ ಗುಟ್ಟು ಬಿಚ್ಚಿಡಲು ಹೋಗುತ್ತಾಳೆ. ಅಮ್ಮನಿಗೆ ಅದು ಮೊದಲೇ ಗೊತ್ತಿದೆ, ಮಗಳ ಬಗ್ಗೆ ಹೆಮ್ಮೆಯೂ ಇದೆ. ಆರಾಧ್ಯಳ ಮನ್ನಣೆ, ತಾಯಿಯ ಮನ್ನಣೆ ಒಟ್ಟೊಟ್ಟಿಗೆ ಬರುತ್ತವೆ.

ಹಿರಿಯಳೆದುರು

ಕಥೆ ಇಲ್ಲಿಗೇ ನಿಂತಿದ್ದರೆ ಅದೊಂದು ಸುಂದರ ಬಾಲಕಥೆಯಾಗುತ್ತಿತ್ತು. 2016ರ ‘ಸಿವಿಲ್ ವಾರ್ 2’ ಪ್ರಕರಣ ಅದನ್ನು ಮುಂದಕ್ಕೆ ಒಯ್ದಿತು. ನಡೆಯಲಿರುವುದನ್ನು ಕಾಣಬಲ್ಲ ಒಬ್ಬ ತರುಣ ಸಿಗುತ್ತಾನೆ. ಅವನ ಕಾಣ್ಕೆಯ ಆಧಾರದ ಮೇಲೆ, ಅಪರಾಧ ನಡೆಯುವ ಮೊದಲೇ ಜನರನ್ನು ಹಿಡಿದಿಡಬಹುದು ಎಂದು ಕ್ಯಾರಲ್ ತೀರ್ಮಾನಿಸುತ್ತಾಳೆ. ಜೆರ್ಸಿ ಸಿಟಿಯಲ್ಲಿ ಈ ಕೆಲಸಕ್ಕೆ ಸೇರಿದ ಉತ್ಸಾಹಿ ತರುಣರ ಪಡೆಯ ಉಸ್ತುವಾರಿ ಕಮಲಾಳಿಗೆ ಬರುತ್ತದೆ. ಆರಾಧ್ಯಳೇ ಒಪ್ಪಿಸಿದ ಕೆಲಸ, ಹುಡುಗಿ ಹಿಗ್ಗಿನಿಂದ ಒಪ್ಪಿಕೊಳ್ಳುತ್ತಾಳೆ. ಆಮೇಲೆ ಇನ್ನೂ ಯಾವ ತಪ್ಪನ್ನೂ ಮಾಡಿರದ ಸಹಪಾಠಿ ಜಾಶ್‌ನನ್ನು ಕೂಡಿಹಾಕುತ್ತಾರೆ. ಅವನನ್ನು ಬಿಡಿಸಲು ಹೋದ ಬ್ರೂನೋ ಸ್ಫೋಟದಲ್ಲಿ ತೀವ್ರವಾಗಿ ಗಾಯಗೊಳ್ಳುತ್ತಾನೆ, ಕಮಲಾಳ ಸ್ನೇಹವನ್ನೇ ಬಿಟ್ಟು ದೂರ ಹೋಗುತ್ತಾನೆ.

ಆಗ ಕಮಲಾ ಕ್ಯಾರಲ್‌ಳ ಎದುರು ನಿಲ್ಲುತ್ತಾಳೆ. ಇದು ನ್ಯಾಯವಲ್ಲ, ನಾನು ಮಾಡಲಾರೆ ಎನ್ನುತ್ತಾಳೆ. ಹಿರಿಯಳಿಗೆ ಸಿಟ್ಟು ಬರುತ್ತದೆ, ಸಂಬಂಧ ಹರಿಯುತ್ತದೆ. ಮುಸ್ಲಿಂ ವಲಸಿಗ ಕುಟುಂಬದ ಹುಡುಗಿಯೊಬ್ಬಳು ‘ಏನು ಮಾಡಬಹುದು’ ಎಂಬ ಶಂಕೆಯ ಮೇಲೆಯೇ ಮನುಷ್ಯರನ್ನು ಬಂಧಿಸುವುದನ್ನು ವಿರೋಧಿಸುತ್ತಾಳೆ. 2001ರ ನಂತರದ ಅಮೆರಿಕವನ್ನು ಬಲ್ಲವರಿಗೆ ಇದರ ತೂಕ ವಿವರಿಸಬೇಕಿಲ್ಲ. ಇದೇ ಕಥಾಭಾಗದಲ್ಲಿ ಕಮಲಾಳ ಪೂರ್ವಿಕರು 1947ರ ದೇಶ ವಿಭಜನೆಯಲ್ಲಿ ನೆಲೆ ಕಳೆದುಕೊಂಡು ಕರಾಚಿಗೆ ಹೊರಟ ನೆನಪನ್ನೂ ಲೇಖಕಿ ತಂದಿದ್ದಾರೆ. ಮನುಷ್ಯರನ್ನು ಅವರ ಗುರುತಿನ ಮೇಲೆ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದು ಈ ಮನೆತನಕ್ಕೆ ಗೊತ್ತು.

1981ರಲ್ಲಿ ಕ್ಯಾರಲ್ ತನ್ನ ಜೊತೆಯ ವೀರರನ್ನು ಪ್ರಶ್ನಿಸಿದ್ದಳು. 2016ರಲ್ಲಿ ಕಮಲಾ ಕ್ಯಾರಲ್‌ಳನ್ನು ಪ್ರಶ್ನಿಸಿದಳು. ಮಿಸ್ ಮಾರ್ವೆಲ್ ಪರಂಪರೆಯಲ್ಲಿ ಕೈಯಿಂದ ಕೈಗೆ ದಾಟಿಬಂದ ನಿಜವಾದ ಆಸ್ತಿ ಇದೇ ಎಂದು ನಾನು ತಿಳಿದಿದ್ದೇನೆ. ಹಿರಿಯಳ ಮೇಲಿನ ಪ್ರೀತಿ ಕಮಲಾಳಲ್ಲಿ ಸತ್ತಿರಲಿಲ್ಲ. ಸತ್ತಿದ್ದರೆ ಆ ಮಾತು ಹೇಳಲು ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಪುಟದಾಚೆಯ ವಾರಸುದಾರರು

ಈ ಪುಸ್ತಕಕ್ಕೆ ಸಿಕ್ಕ ಮನ್ನಣೆಯನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ಸಂಪುಟ 2015ರಲ್ಲಿ ಹ್ಯೂಗೋ ಪ್ರಶಸ್ತಿಯನ್ನು, 2016ರಲ್ಲಿ ಫ್ರಾನ್ಸಿನ ಆಂಗುಲೇಮ್ ಉತ್ಸವದ ಪ್ರಶಸ್ತಿಯನ್ನು ಪಡೆಯಿತು. ಅದಕ್ಕಿಂತ ದೊಡ್ಡ ಮನ್ನಣೆ 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಸಿಕ್ಕಿತು. ನಗರದ ಬಸ್ಸುಗಳ ಮೇಲೆ ಇಸ್ಲಾಂ ದ್ವೇಷದ ಜಾಹೀರಾತುಗಳು ಬಂದಾಗ, ಯಾರೋ ಅವುಗಳ ಮೇಲೆ ಕಮಲಾಳ ಚಿತ್ರ ಅಂಟಿಸಿ ದ್ವೇಷದ ಮಾತನ್ನು ಮುಚ್ಚಿದರು. ಕಾಗದದ ಹುಡುಗಿ ನಿಜವಾದ ಊರಿನಲ್ಲಿ ಕೆಲಸಕ್ಕೆ ಬಂದಳು.

2019ರಲ್ಲಿ ವಿಲ್ಸನ್ ತಮ್ಮ ಬರವಣಿಗೆ ಮುಗಿಸಿ ಲೇಖನಿಯನ್ನು ಸಲಾದಿನ್ ಅಹ್ಮದ್‌ಗೆ ಬಿಟ್ಟುಕೊಟ್ಟರು. 2022ರಲ್ಲಿ ಕಥೆ ಕಿರುತೆರೆಗೆ ಬಂದಿತು, ನಮ್ಮ ಅನೇಕ ಕನ್ನಡದ ಮಕ್ಕಳು ಕಮಲಾಳನ್ನು ಕಂಡದ್ದು ಅಲ್ಲೇ. ಪಾತ್ರ ಮಾಡಿದವರು ಕರಾಚಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಇಮಾನ್ ವೆಲ್ಲಾನಿ. ಶಾಲೆಯ ದಿನಗಳಲ್ಲೇ ಈ ಕಾಮಿಕ್ಸ್ ಓದಿ, ಹ್ಯಾಲೋವೀನ್ ಹಬ್ಬಕ್ಕೆ ಮಿಸ್ ಮಾರ್ವೆಲ್ ದಿರಿಸು ತೊಟ್ಟಿದ್ದ ಹುಡುಗಿ ಈಕೆ. ನಟನೆಯ ಅನುಭವವಿರಲಿಲ್ಲ, ಅದು ಅವರ ಮೊದಲ ಪಾತ್ರ. 2023ರಲ್ಲಿ ಅವರು ಸಬೀರ್ ಪೀರ್‌ಜಾದಾ ಜೊತೆಗೂಡಿ ಕಮಲಾಳ ಕಾಮಿಕ್ಸನ್ನೇ ಬರೆದರು. ಅಭಿಮಾನಿಯೊಬ್ಬಳು ತನ್ನ ಆರಾಧ್ಯಳ ಹೆಸರು ಹೊರುವ ಕಥೆಯನ್ನು ಓದಿದ ಅಭಿಮಾನಿಯೊಬ್ಬಳು, ಆ ಕಥೆಯ ಮೈಯೂ ಆದಳು, ಕೈಯೂ ಆದಳು.

ಹಿರಿಯರಾದ ನಮಗೆ ಇದರಲ್ಲಿ ಎರಡು ಕರ್ತವ್ಯಗಳು ಕಾಣುತ್ತವೆ. ಮೊದಲನೆಯದು, ಜಾಗ ಬಿಡುವುದು. ಕ್ಯಾರಲ್ ಹಳೆಯ ಹೆಸರನ್ನೂ ತನ್ನಲ್ಲೇ ಇಟ್ಟುಕೊಂಡಿದ್ದರೆ ಕಮಲಾ ಎಂದೆಂದಿಗೂ ಅಭಿಮಾನಿಯಾಗಿಯೇ ಇರುತ್ತಿದ್ದಳು. ಎರಡನೆಯದು ಇನ್ನೂ ಕಷ್ಟದ್ದು. ನಮ್ಮ ಜಾಗಕ್ಕೆ ಬಂದ ಎಳೆಯರು ನಮ್ಮಂತೆ ನಡೆಯದಿದ್ದಾಗ, ನಮ್ಮ ನಡೆಯನ್ನೇ ತಪ್ಪೆಂದಾಗ, ಅದನ್ನು ಕೃತಘ್ನತೆ ಎಂದು ಬಗೆಯದೆ ಕೇಳಿಸಿಕೊಳ್ಳುವುದು. ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಇಂಥ ಪುಸ್ತಕಗಳಿಗೂ ಜಾಗವಿರಲಿ, ಮೇಷ್ಟ್ರುಗಳೂ ಅವನ್ನು ಓದಲಿ, ಮಕ್ಕಳ ಜೊತೆ ಕೂತು ಚರ್ಚಿಸಲಿ ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕಾಗಿಯೇ.

ಇಲ್ಲಿರುವ ವಿದ್ಯಾರ್ಥಿನಿಯರಿಗೆ ಕೊನೆಯ ಒಂದು ಮಾತು. ದೊಡ್ಡ ಹೆಸರೊಂದು ನಿಮ್ಮ ಹೆಗಲಿಗೆ ಬಂದ ದಿನ ನಿಮಗೆ ಏನೂ ಗೊತ್ತಿರುವುದಿಲ್ಲ. ಅದಕ್ಕೆ ಅಂಜಬೇಡಿ. ಮೊದಲು ಹಿರಿಯರಂತೆಯೇ ಮಾಡಲು ಹೋಗುತ್ತೀರಿ, ಅದರಲ್ಲಿ ತಪ್ಪಿ ಕಲಿಯುತ್ತೀರಿ, ನಿಮ್ಮ ಮನೆಯಿಂದ ನಿಮ್ಮ ಊರಿನಿಂದ ತಂದದ್ದು ಕೆಲಸಕ್ಕೆ ಬರುವುದನ್ನು ಕಾಣುತ್ತೀರಿ. ಒಂದು ದಿನ ನಮ್ಮ ತಪ್ಪನ್ನು ನಮಗೇ ಹೇಳಬೇಕಾಗಿ ಬರುತ್ತದೆ. ಆಗ ಪ್ರೀತಿಯಿಂದ, ಸ್ಪಷ್ಟವಾಗಿ ಹೇಳಿ. ಕೊಟ್ಟದ್ದು ಸೇರಬೇಕಾದವರಿಗೆ ಸೇರಿದೆ ಎಂದು ನಾವು ಆ ದಿನ ತಿಳಿಯುತ್ತೇವೆ.